ಹಳಿಯ ಮೇಲೆ ನಿಲ್ಲದ ಕಾರು

ಮಾರ್ಚ್ 3, ಸೋಮವಾರ

ಈ ಕಥೆಯನ್ನು ಮೊದಲು ಹೇಳಿದವಳು ನಾನೇ. ಹೇಳಿದ್ದು ಇವತ್ತು ಬೆಳಿಗ್ಗೆ ಹತ್ತೂವರೆಗೆ, ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ, ಎಡಗಾಲು ಮುರಿದುಕೊಂಡು ಬಂದ ಒಬ್ಬರಿಗೆ. ಕೇಳಿದವರು ಒಟ್ಟು ಐದು ಜನ: ಕಾಲಿನವರು, ಅವರ ಹೆಂಡತಿ, ಬಾಗಿಲಲ್ಲಿ ಮುರಿದ ಕೈ ಹಿಡಿದುಕೊಂಡು ಸರದಿ ಕಾಯುತ್ತಿದ್ದ ಇಬ್ಬರು, ಬಕೆಟ್ಟಿನ ನೀರು ಬದಲಾಯಿಸಲು ಬಂದು ಬದಲಾಯಿಸದೆ ನಿಂತ ನಮ್ಮ ಆಯಾ.

ನನ್ನ ಕೆಲಸವೇ ಅಂಥದ್ದು. ಡಾಕ್ಟರು ಮೂಳೆ ಕೂಡಿಸಿ ಹೋಗುತ್ತಾರೆ. ನಾನು ಪಟ್ಟಿ ನೆನೆಸಿ, ಸುತ್ತಿ, ಅದು ಗಟ್ಟಿಯಾಗುವವರೆಗೆ ಹಿಡಿದುಕೊಂಡಿರಬೇಕು. ಅಲ್ಲಾಡಬೇಡಿ ಎಂದರೆ ಎಲ್ಲರೂ ಅಲ್ಲಾಡುತ್ತಾರೆ. ಕಥೆ ಹೇಳಿದರೆ ಕಲ್ಲಿನ ಹಾಗೆ ಕೂರುತ್ತಾರೆ. ಹದಿನೇಳು ವರ್ಷದಿಂದ ಇದೇ ನನ್ನ ಉಪಾಯ. ಮಣಿಕಟ್ಟಿಗೆ ಸಣ್ಣ ಕಥೆ, ಮೊಣಕೈಗೆ ಮಧ್ಯಮ, ತೊಡೆಯವರೆಗಿನ ಕಾಲಿಗೆ ಉದ್ದನೆಯದು.

ಇವತ್ತು ಉದ್ದನೆಯದು ಯಾವುದೂ ನೆನಪಾಗಲಿಲ್ಲ. ನಮ್ಮ ಕಾರಿನದೇ ಶುರು ಮಾಡಿದೆ. ಶುಕ್ರವಾರ ಸಂಜೆ ನಡೆದದ್ದು ಇಷ್ಟೇ: ನಮ್ಮವರು, ಅತ್ತೆ, ನಾನು ಹೊಸ ಕಾರಿನಲ್ಲಿ ಬರುತ್ತಿದ್ದೆವು. ರೈಲ್ವೆ ಗೇಟು ಹಾಕಿತ್ತು. ಸಾಲಿನಲ್ಲಿ ನಿಂತೆವು. ನಿಂತಲ್ಲೇ ಎಂಜಿನ್ ಸತ್ತುಹೋಯಿತು. ಕಾರು ಕೊಂಡು ಏಳು ವಾರ, ಹೀಗೆ ಸಾಯುವುದು ಮೂರನೇ ಸಲ. ಹಿಂದಿನ ಎರಡು ಸಲವೂ ವರ್ಕ್‌ಶಾಪಿನವರು ನೋಡಿ ‘ಸರಿ ಇದೆ’ ಎಂದು ಬರೆದು ಕಳಿಸಿದ್ದರು.

ಇಷ್ಟು ಹೇಳಿದರೆ ಕಿರುಬೆರಳಿನ ಪಟ್ಟಿಯೂ ಗಟ್ಟಿಯಾಗುವುದಿಲ್ಲ. ಅದಕ್ಕೇ ಕಾರನ್ನು ನಲವತ್ತು ಹೆಜ್ಜೆ ಮುಂದಕ್ಕೆ ತಂದೆ. ಗೇಟು ತೆಗೆಸಿದೆ. ಎರಡು ಹಳಿಗಳ ನಡುವೆ ಕಾರು ನಿಲ್ಲಿಸಿದೆ. ದೂರದಲ್ಲಿ ರೈಲು ಕೂಗಿಸಿದೆ. ಅತ್ತೆಯ ಕೈಯಲ್ಲಿ ಕಿಟಕಿ ಬಡಿಸಿದೆ. ನಮ್ಮವರಿಂದ ಕೀಲಿ ತಿರುಗಿಸಿ, ತಿರುಗಿಸಿ, ಏಳನೇ ಸಲಕ್ಕೆ ಎಂಜಿನ್ ಎಬ್ಬಿಸಿದೆ. ರೈಲು ಹಿಂದಿನ ಬಂಪರಿಗೆ ಗಾಳಿ ಹೊಡೆದು ಹೋಗುವ ಹೊತ್ತಿಗೆ ಪ್ಲಾಸ್ಟರ್ ತಟ್ಟಿ ನೋಡಿದೆ, ಕಲ್ಲಾಗಿತ್ತು. ಕಾಲಿನವರು ಉಸಿರೇ ಬಿಟ್ಟಿರಲಿಲ್ಲ.

ಅವರು ಯಾರೆಂದು ಆಮೇಲೆ ತಿಳಿಯಿತು. ಊರೆಲ್ಲ ಅರ್ಜಿ ಮೇಷ್ಟ್ರು ಅನ್ನುವುದು ಅವರನ್ನೇ. ನಿವೃತ್ತರಾದ ಮೇಲೆ ಜನರ ದೂರು, ಮನವಿ ಬರೆದುಕೊಡುತ್ತಾರೆ.

"ತಂಗಿ, ಇದನ್ನ ಸುಮ್ನೆ ಬಿಡಬಾರದು," ಅಂದರು. "ಗ್ರಾಹಕರ ದೂರು ಕಚೇರಿಗೆ ನಾನೇ ಬರೆದುಕೊಡ್ತೀನಿ. ಕಾರು ವಾಪಸ್ಸು, ಸಾಲ ರದ್ದು, ಮೇಲೆ ಪರಿಹಾರ. ನನಗೆ ಒಂದು ಪೈಸೆ ಬೇಡ, ಕಾಲು ನೋಯದ ಹಾಗೆ ಕಟ್ಟಿದ್ದೀಯ."

ಸಾಲದ ಕಂತು ಇನ್ನೂ ಐವತ್ತೆಂಟು ತಿಂಗಳಿದೆ. ಅತ್ತೆಗೆ ಬಸ್ಸು ಹತ್ತಲಾಗುವುದಿಲ್ಲವೆಂದು ಕೊಂಡ ಕಾರಿಗೆ ಈಗ ಅತ್ತೆಯೇ ಹತ್ತುವುದಿಲ್ಲ. ಆಗಲಿ ಎಂದೆ.

ಊಟದ ಬಿಡುವಿನಲ್ಲಿ ಹಳೆಯ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ನನಗೇ ನಗು.

ಮಾರ್ಚ್ 6, ಗುರುವಾರ

ಕೆಲಸ ಮುಗಿಸಿ ನಾನು, ನಮ್ಮವರು ಮೇಷ್ಟ್ರ ಮನೆಗೆ ಹೋದೆವು. ಅವರು ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಅರ್ಜಿ ಓದಿದರು.

‘ಸದರಿ ವಾಹನವು ರೈಲು ಹಳಿಗಳ ನಡುವೆ ಏಕಾಏಕಿ ನಿಶ್ಚಲಗೊಂಡು, ಮೂರು ಜೀವಗಳು ಕ್ಷಣಕ್ಷಣವೂ ಸಾವನ್ನು ಎದುರುನೋಡುವಂತಾಗಿ...’

ನಾನು ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

"ಸರಿ ಇದೆಯಾ ತಂಗಿ?" ಅಂದರು.

"ಇನ್ನೊಂದು ಸಲ ಓದಿ ಮೇಷ್ಟ್ರೇ," ಅಂದೆ. ಅಷ್ಟು ಚೆನ್ನಾಗಿತ್ತು. ನನ್ನ ಬಾಯಲ್ಲಿ ಹುಟ್ಟಿದ್ದು ಬಿಳಿ ಪಂಚೆ ಉಟ್ಟು ನಡೆದು ಬಂದ ಹಾಗಿತ್ತು. ಎರಡನೇ ಸಲ ಓದಿದ ಮೇಲೆ ಅದು ನಡೆದೇ ಇಲ್ಲ ಎನ್ನಲು ನಾಲಿಗೆ ಬರಲಿಲ್ಲ. ಸಹಿ ಹಾಕಿದೆ.

ನಮ್ಮವರು ನೀರಿನ ಮೀಟರ್ ಓದುವ ಕೆಲಸದವರು. ಮುಳ್ಳು ಎಲ್ಲಿದೆಯೋ ಅಷ್ಟು ಬರೆದುಕೊಂಡು ಮುಂದಿನ ಮನೆಗೆ ಹೋಗುವವರು. ಮನೆಯ ಬೀಗ ತೆಗೆಯುವಾಗ, "ಗೇಟು ಹಾಕಿತ್ತಲ್ಲ," ಅಂದರು.

"ಹಾಕಿತ್ತು ರೀ."

ಅಷ್ಟೇ. ಅವರು ಒಳಗೆ ಹೋಗಿ ಚಪ್ಪಲಿ ಜೋಡಿಸಿಟ್ಟರು.

ಮಾರ್ಚ್ 7, ಶುಕ್ರವಾರ

ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿರುವುದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು. ರೈಲಿನ ದೀಪ ಅವರ ಮುಖಕ್ಕೇ ಹೊಡೆಯಿತಂತೆ. ಡ್ರೈವರಿನ ಮೀಸೆಯೂ ಕಂಡಿತಂತೆ. ನನ್ನ ಕಥೆಯಲ್ಲಿ ಮೀಸೆ ಇರಲಿಲ್ಲ. ಚೆನ್ನಾಗಿದೆ. ಮಧ್ಯಾಹ್ನ ಒಂದು ಮೊಣಕಾಲಿಗೆ ಹೇಳುವಾಗ ಮೀಸೆ ಸೇರಿಸಿಕೊಂಡೆ.

ಮಾರ್ಚ್ 17, ಸೋಮವಾರ

ದೂರು ತಲುಪಿದೆ. ಶೋರೂಮಿನಿಂದ ಫೋನು ಬಂತು. ಅರ್ಧ ದಿನ ರಜೆ ಹಾಕಿ ಹೋದೆ. ಕಾರು ಕೊಳ್ಳುವ ದಿನ ಕೂರಿಸಿದ್ದ ಅದೇ ಮೆತ್ತನೆಯ ಕುರ್ಚಿ, ಅದೇ ತಣ್ಣನೆಯ ನೀರು. ಮ್ಯಾನೇಜರು ಎದ್ದು ನಿಂತು ಮಾತಾಡಿಸಿದರು.

"ಮೇಡಂ, ಹಳಿ ಅಂದ್ರೆ ತಮಾಷೆ ಅಲ್ಲ. ಮೇಲಿನವರು ತುಂಬ ಸೀರಿಯಸ್ಸಾಗಿ ತಗೊಂಡಿದ್ದಾರೆ. ಕ್ರಮ ಆಗ್ಲೇ ಆಗಿದೆ."

"ಏನು ಕ್ರಮ?"

"ನಿಮ್ಮ ಗಾಡಿ ಸರಿ ಇದೆ ಅಂತ ಸಹಿ ಹಾಕಿದವನನ್ನ ಮನೆಗೆ ಕಳಿಸಿದ್ದೀವಿ. ತಪ್ಪು ಒಬ್ಬ ಮನುಷ್ಯಂದು ಮೇಡಂ, ಕಂಪನಿದಲ್ಲ. ಬೇಕಾದ್ರೆ ಒಂದು ವರ್ಷ ಸರ್ವಿಸ್ ಫ್ರೀ ಕೊಡ್ತೀವಿ, ದೂರು ವಾಪಸ್ ತಗೊಳ್ಳಿ."

ತಗೊಳ್ಳುವುದಿಲ್ಲ ಎಂದೆ. ದಿಟ್ಟವಾಗಿ ಹೇಳಿದೆ. ಗಾಜಿನ ಬಾಗಿಲು ದಾಟಿ ಬರುವಾಗ ಬೆನ್ನು ನೆಟ್ಟಗಿತ್ತು. ಬಸ್ಸಿನಲ್ಲಿ ಕೂತ ಮೇಲೆ ಆ ಸಹಿ ಯಾರದ್ದೆಂದು ನೆನಪಾಯಿತು.

ವರ್ಕ್‌ಶಾಪಿನಲ್ಲಿ ಎಲ್ಲರೂ ಅವರನ್ನು ಕಿವಿ ಮೇಸ್ತ್ರಿ ಅನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುವವರು. ಎರಡನೇ ಸಲ ಕಾರು ಬಿಟ್ಟಾಗ ಅತ್ತೆಗೆ ತಮ್ಮ ಸ್ಟೂಲು ಕೊಟ್ಟು, ತಾವು ಡಬ್ಬಿಯ ಮೇಲೆ ಕೂತಿದ್ದರು. ಒಂದು ಗಂಟೆ ಕೇಳಿದರು. "ಇದರ ಹೊಟ್ಟೇಲಿ ಏನೂ ನೋವಿಲ್ಲ ಅಜ್ಜಿ," ಅಂದಿದ್ದರು. ಅತ್ತೆ ನಕ್ಕಿದ್ದರು.

ಸಹಿ ಹಾಕಿದ್ದು ಅವರೇ ತಾನೇ? ಕಾರು ನಿಂತದ್ದೂ ನಿಜ ತಾನೇ? ಹಳಿಯ ಮೇಲಾದರೇನು, ಈಚೆಯಾದರೇನು?

ಮಾರ್ಚ್ 18, ಮಂಗಳವಾರ

ಬರೆಯಲು ಏನೂ ಇಲ್ಲ. ಆಯಾ, "ಅಕ್ಕ, ಆ ರೈಲಿಂದು ಹೇಳಿ, ಇವರು ಕೇಳಿಲ್ಲ," ಅಂದಳು. ಗಂಟಲು ಕಟ್ಟಿದೆ ಎಂದೆ.

ಮಾರ್ಚ್ 22, ಶನಿವಾರ

ಕಿವಿ ಮೇಸ್ತ್ರಿ ಬಸ್ ನಿಲ್ದಾಣದ ಹಿಂದಿನ ಪಂಚರ್ ಅಂಗಡಿಯಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡೆ. ಹೇಳಿಯೇ ಬರುತ್ತೇನೆಂದು ಹೋದೆ. ದಾರಿಯಲ್ಲಿ ನಾಲ್ಕು ಸಲ ಮಾತು ಜೋಡಿಸಿಕೊಂಡೆ. ‘ಮೇಸ್ತ್ರಿಗಳೇ, ಒಂದು ತಪ್ಪಾಗಿದೆ’ ಎಂದು ಶುರು ಮಾಡುವುದೆಂದು ಗೊತ್ತುಮಾಡಿಕೊಂಡೆ.

ಅವರು ಟೈರಿನ ಮೇಲೆ ಕೂತು ಒಂದು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಕೈ ಒದ್ದೆಯಿತ್ತು, ಪ್ಯಾಂಟಿಗೆ ಒರೆಸಿಕೊಂಡರು.

"ಬನ್ನಿ ಅಮ್ಮ. ಅಜ್ಜಿ ಹೇಗಿದ್ದಾರೆ? ತುಂಬ ಹೆದರಿದ್ರಂತೆ."

"ಚೆನ್ನಾಗಿದ್ದಾರೆ."

"ನಾನೇ ಮನೆಗೆ ಬರೋಣ ಅಂತಿದ್ದೆ. ಯಾವ ಮುಖ ಇಟ್ಕೊಂಡು ಬರಲಿ ಅಂತ ಸುಮ್ಮನಾದೆ." ಅವರೇ ಮುಂದುವರಿಸಿದರು. "ಮೂರು ಜನ ಇದ್ರಿ ಒಳಗೆ. ನನ್ನ ಸಹಿ ನಂಬ್ಕೊಂಡು ಹೋದ್ರಿ. ಇಪ್ಪತ್ತೆರಡು ವರ್ಷ ಆಯ್ತು ಅಮ್ಮ, ನನ್ನ ಕಿವಿ ನನಗೆ ಸುಳ್ಳು ಹೇಳಿರಲಿಲ್ಲ. ತಪ್ಪಾಯ್ತು."

ನಾನು ಜೋಡಿಸಿಕೊಂಡು ಹೋಗಿದ್ದ ಮಾತನ್ನು ಅವರು ನನಗೇ ಹೇಳಿಬಿಟ್ಟರು.

ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಸಿಮೆಂಟು ನೆಲದ ಮೇಲೆ ಎರಡು ಗೆರೆ ಎಳೆದರು. ಅದರ ಮೇಲೊಂದು ಪೆಟ್ಟಿಗೆ, ನಾಲ್ಕು ಸೊನ್ನೆ. ಗೆರೆಗಳು ಹಳಿ, ಪೆಟ್ಟಿಗೆ ನಮ್ಮ ಕಾರು, ಸೊನ್ನೆಗಳು ಚಕ್ರ. ಪಕ್ಕದಲ್ಲಿ ಅಳಿಸಿ ಅಳಿಸಿ ಬರೆದ ಹಳೆಯ ಗುರುತುಗಳೂ ಇದ್ದವು.

"ದಿನಾ ಇದನ್ನೇ ಯೋಚನೆ ಮಾಡ್ತೀನಿ. ಚಕ್ರ ಹಳಿ ಹತ್ತಿ ಇಳಿಯುವಾಗ ಒಂದು ಕುಲುಕು ಬೀಳುತ್ತೆ. ಆ ಕುಲುಕಿಗೆ ಯಾವುದೋ ವೈರು ಬಿಟ್ಟಿದೆ. ನಾನು ಗಾಡೀನ ನಿಲ್ಲಿಸಿ ಕೇಳಿದೆ, ಕುಲುಕಿಸಿ ಕೇಳ್ಲಿಲ್ಲ. ಒಂದೇ ಒಂದು ಹೇಳಿ ಅಮ್ಮ, ಮುಂದಿನ ಚಕ್ರ ಮೊದಲನೇ ಹಳಿ ದಾಟಿತ್ತಾ, ಇಲ್ವಾ? ಅದು ಗೊತ್ತಾದ್ರೆ ಯಾವ ವೈರು ಅಂತ ಹಿಡೀತೀನಿ. ಕೆಲಸ ಹೋದ್ರೆ ಹೋಗ್ಲಿ, ಯಾವ ವೈರು ಅಂತ ಗೊತ್ತಾಗ್ಬೇಕು."

ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲದ ಕಾರು, ಇಲ್ಲದ ಹಳಿ, ಇಲ್ಲದ ಕುಲುಕು. ಅದಕ್ಕಾಗಿ ಒಬ್ಬ ಮನುಷ್ಯ ನೆಲ ತುಂಬ ಗೀಚಿದ್ದಾನೆ.

"ದಾಟಿತ್ತು," ಎಂದೆ.

ಅವರು ಮುಂದಿನ ಎರಡು ಸೊನ್ನೆಗಳನ್ನು ಅಂಗೈಯಿಂದ ಅಳಿಸಿ, ಗೆರೆಯ ಆಚೆಗೆ ಬರೆದುಕೊಂಡರು. ತಲೆಯಾಡಿಸಿ, "ದೊಡ್ಡ ಉಪಕಾರ ಆಯ್ತಮ್ಮ," ಅಂದರು.

ಮಾರ್ಚ್ 23, ಭಾನುವಾರ

ಮೇಷ್ಟ್ರ ಅರ್ಜಿಗೆ ಸಹಿ ಹಾಕುವಾಗ ಮೇಷ್ಟ್ರಿದ್ದರು, ಅವರ ಭಾಷೆಯ ಸೊಗಸಿತ್ತು. ಪಂಚರ್ ಅಂಗಡಿಯಲ್ಲಿ ನನ್ನಿಂದ ಸುಳ್ಳು ಹೇಳಿಸಲು ಯಾರಿದ್ದರು? ನಾನೊಬ್ಬಳೇ.

ಮಾರ್ಚ್ 27, ಗುರುವಾರ

ಮೇಷ್ಟ್ರಿಗೆ ಹೇಳಿದೆ. ಇವತ್ತು ಅವರ ಪ್ಲಾಸ್ಟರ್ ನೋಡುವ ದಿನ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಬಾಗಿಲು ಮುಂದೆ ಮಾಡಿ ಹೇಳಿದೆ. ಅವರು ತಮ್ಮ ಕಾಲನ್ನೇ ನೋಡಿಕೊಂಡರು, ಅದನ್ನೂ ನಾನು ಕಥೆಯಲ್ಲೇ ಕಟ್ಟಿದ್ದೇನೋ ಎಂಬಂತೆ.

"ಹಳಿ ಇರಲಿಲ್ವಾ?"

"ಇತ್ತು. ನಾವು ಅದರ ಮೇಲೆ ಇರಲಿಲ್ಲ."

"ರೈಲು?"

"ಗೂಡ್ಸು. ಎರಡು ಹೋದ್ವು."

"ಅಯ್ಯೋ ತಾಯಿ, ಹಳಿ ತೆಗೆದ್ರೆ ಅರ್ಜೀಲಿ ಏನು ಉಳಿಯುತ್ತೆ? ಗೇಟಿನ ಮುಂದೆ ನಿಂತ ಕಾರು! ಗೇಟಿನ ಮುಂದೆ ಎಲ್ಲಾ ಕಾರೂ ನಿಲ್ಲುತ್ತೆ!"

ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಅವರು ಕೋಪದಲ್ಲೇ ಲೆಕ್ಕ ಒಪ್ಪಿಸಿದರು. ದೂರಿನಲ್ಲಿ ಒಂದು ಮಾತು ಸುಳ್ಳೆಂದು ನಾವೇ ಹೇಳಿದರೆ ಉಳಿದ ಮಾತನ್ನು ಯಾರೂ ನಂಬುವುದಿಲ್ಲ. ದೂರು ವಜಾ. ಕೆಟ್ಟ ಕಾರು ನಮ್ಮ ಹತ್ತಿರವೇ, ಸಾಲವೂ ನಮ್ಮ ಹತ್ತಿರವೇ. ಮೇಲೆ ದಂಡವನ್ನೂ ಹಾಕಬಹುದು. "ಇನ್ನಾರು ದಿನ ಇದೆ ವಿಚಾರಣೆಗೆ. ಬಾಯಿ ಮುಚ್ಕೊಂಡು ಬಂದು ಕೂತ್ಕೋ. ಮಾತೆಲ್ಲ ನಾನು ಆಡ್ತೀನಿ. ಇದುವರೆಗೆ ನೀನು ಆಡಿದ್ದೇ ಸಾಕು."

ಮನೆಯಲ್ಲಿ ನಮ್ಮವರಿಗೆ ಎಲ್ಲವನ್ನೂ ಹೇಳಿದೆ, ಪಂಚರ್ ಅಂಗಡಿಯದನ್ನೂ. ಅವರು ತಟ್ಟೆ ಬದಿಗಿಟ್ಟರು.

"ಏನ್ರೀ ಮಾಡ್ಲಿ?"

"ಕಂತು ನಾನು ಹೇಗೋ ಕಟ್ತೀನಿ," ಅಂದರು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಅವರು ಆಡಿದ ಅತಿ ಉದ್ದದ ಮಾತುಗಳಲ್ಲಿ ಇದೂ ಒಂದು.

ಏಪ್ರಿಲ್ 2, ಬುಧವಾರ

ದೂರು ಕಚೇರಿಯ ಕೋಣೆ ನಮ್ಮ ಪ್ಲಾಸ್ಟರ್ ಕೋಣೆಗಿಂತ ಚಿಕ್ಕದು. ಒಂದು ಉದ್ದನೆಯ ಮೇಜು, ಸದ್ದು ಮಾಡುವ ಫ್ಯಾನು, ಗೋಡೆಗೆ ಒರಗಿಸಿದ ಕಬ್ಬಿಣದ ಕುರ್ಚಿಗಳು. ಮೇಜಿನ ಆಚೆ ವಿಚಾರಣೆಯ ಅಧಿಕಾರಿ, ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು. ಎಡಕ್ಕೆ ಮ್ಯಾನೇಜರು. ಅವರ ಹಿಂದೆ ಗೋಡೆಯ ಬದಿಗೆ ಕಿವಿ ಮೇಸ್ತ್ರಿ. ತಪ್ಪು ಯಾರದೆಂದು ತೋರಿಸಲು ಅವರನ್ನು ಕರೆತಂದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಬಲಕ್ಕೆ ಊರುಗೋಲಿನ ಮೇಷ್ಟ್ರು, ನಮ್ಮವರು, ಅತ್ತೆ, ನಾನು.

ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು. ಅಧಿಕಾರಿ ಕೈ ತೋರಿಸಿ ಕೂರಿಸಿದರು. "ಬರೆದದ್ದು ಓದಿದ್ದೀನಿ. ಅವರೇ ಹೇಳ್ಲಿ."

ನಾನು ಎದ್ದೆ. "ಕಾರು ಹಳಿ ಮೇಲೆ ನಿಂತಿರಲಿಲ್ಲ ಮೇಡಂ."

ಅಧಿಕಾರಿ ಅರ್ಜಿಯ ಹಾಳೆ ತಿರುವಿದರು.

"ಮತ್ತೆ ಎಲ್ಲಿ ನಿಂತಿತ್ತು?"

"ಗೇಟಿನ ಈಚೆ. ಗೇಟು ಹಾಕಿತ್ತು."

"ರೈಲು ಬರ್ತಿತ್ತು ಅಂತ ಇದೆ ಇಲ್ಲಿ."

"ಬಂತು ಮೇಡಂ. ಅದು ಹಳಿ ಮೇಲೆ ಹೋಯ್ತು. ನಾವು ರಸ್ತೆ ಮೇಲಿದ್ವಿ."

"ಏನೇ ಹೇಳ್ತಿದ್ದೀಯ!" ಅತ್ತೆ ಕುರ್ಚಿಯಿಂದ ಅರ್ಧ ಎದ್ದರು. "ನಾನು ಕಣ್ಣಾರೆ ದೀಪ ನೋಡಿಲ್ವಾ? ಮೀಸೆ ನೋಡಿಲ್ವಾ?"

"ದೀಪ ನೋಡಿದ್ರಿ ಅತ್ತೆ. ಪಕ್ಕದಿಂದ."

ಮ್ಯಾನೇಜರು ಎದ್ದೇಬಿಟ್ಟರು. "ಮೇಡಂ, ದೂರೇ ಸುಳ್ಳು ಅಂತ ಅವರ ಬಾಯಲ್ಲೇ ಬಂತು. ವಜಾ ಮಾಡ್ಬೇಕು."

"ಕೂತ್ಕೊಳ್ಳಿ." ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ನನ್ನನ್ನು ನೋಡಿದರು. "ಯಾಕೆ ಹಾಗೆ ಬರೆಸಿದ್ರಿ?"

ನಿಜವಾದ ಉತ್ತರ ಒಂದೇ ಇತ್ತು. "ಕೇಳೋಕೆ ಚೆನ್ನಾಗಿತ್ತು ಮೇಡಂ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾನು ಗೋಡೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಆ ಕಡೆ ಮುಖ ಮಾಡದೆಯೇ ಹೇಳಿದೆ: "ಮೇಸ್ತ್ರಿಗಳು ಕೇಳಿದಾಗ್ಲೂ ಸುಳ್ಳು ಹೇಳಿದೆ. ಚಕ್ರ ಯಾವ ಹಳೀನೂ ದಾಟಿರಲಿಲ್ಲ."

"ಸರಿ," ಅಧಿಕಾರಿಯ ದನಿ ಒರಟಾಗಿತ್ತು. "ಆದದ್ದನ್ನ ಮೊದಲಿಂದ ಹೇಳಿ. ಚೆನ್ನಾಗಿರೋದು ಬೇಡ."

ಹೇಳಿದೆ. ಗೇಟು ಹಾಕಿತ್ತು, ನಿಂತೆವು. ಮುಂದೆ ಒಂದು ಲಾರಿ, ಹಿಂದೆ ಒಂದು ಆಟೋ. ಒಂದು ಗೂಡ್ಸು ಹೋಯಿತು. ಗೇಟು ತೆಗೆಯಲಿಲ್ಲ. ಬಿಸಿಲು ಇನ್ನೂ ಇಳಿದಿರಲಿಲ್ಲ, ಅತ್ತೆಗೆ ಸೆಕೆ ಆಗುತ್ತಿತ್ತು, ಅದಕ್ಕೆ ಎಂಜಿನ್ ಆರಿಸದೆ ಎ.ಸಿ. ಹಾಕಿಕೊಂಡೇ ಕೂತಿದ್ದೆವು. ಮತ್ತೆ ನಿಂತೇ ಇದ್ದೆವು. ಅತ್ತೆ ಒಂದು ನಿದ್ದೆ ತೆಗೆದರು. ಇನ್ನೊಂದು ಗೂಡ್ಸು ಬಂತು. ಅದು ಹೋಗುತ್ತಿದ್ದಾಗ ಎಂಜಿನ್ ನಿಂತಿತು. ಇವರು ಇಳಿದು ಬಾನೆಟ್ ಎತ್ತಿದರು. ಹಿಂದಿನವರು ಹಾರ್ನ್ ಹೊಡೆದರು. ಆಮೇಲೆ ಕೀಲಿ ತಿರುಗಿಸಿದರೆ ತಾನಾಗಿ ಹೊರಟಿತು.

ನನ್ನ ಜನ್ಮದಲ್ಲಿ ಇಷ್ಟು ಕೆಟ್ಟ ಕಥೆ ಹೇಳಿರಲಿಲ್ಲ. ಕಚೇರಿಯ ಜವಾನ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದ.

"ಎಷ್ಟು ಹೊತ್ತು ನಿಂತಿದ್ರಿ?"

ಕೇಳಿದ್ದು ಅಧಿಕಾರಿಯಲ್ಲ. ಕಿವಿ ಮೇಸ್ತ್ರಿ ಎದ್ದು ಮೇಜಿನ ಹತ್ತಿರ ಬಂದಿದ್ದರು. ಮ್ಯಾನೇಜರು ಅವರ ತೋಳು ಹಿಡಿದು ಎಳೆದರು. ಅಧಿಕಾರಿ, "ಕೇಳ್ಲಿ ಬಿಡಿ," ಅಂದರು.

ನನಗೆ ಗೊತ್ತಿರಲಿಲ್ಲ. ನಮ್ಮವರು ಕೂತಲ್ಲಿಂದಲೇ, "ಮೂವತ್ನಾಲ್ಕು ನಿಮಿಷ," ಅಂದರು.

"ಬಾನೆಟ್ ಮುಚ್ಚಿತ್ತು?"

"ಮುಚ್ಚಿತ್ತು."

"ಎತ್ತಿದ ಮೇಲೆ ಎಷ್ಟು ಹೊತ್ತಿಗೆ ಹೊರಟಿತು?"

"ಹನ್ನೆರಡು ನಿಮಿಷ."

"ಹಿಂದಿನ ಎರಡು ಸಲ? ಆಗ್ಲೂ ನಿಂತಿದ್ದಾಗಲೇನಾ?"

ನಮ್ಮವರು ಯೋಚಿಸಿದರು. "ಒಂದು ಸಲ ಆಸ್ಪತ್ರೆ ಗೇಟಿನ ಮುಂದೆ, ಇವಳು ಬರೋದು ಕಾಯ್ತಾ. ಇನ್ನೊಂದು ಸಲ ಅಂಗಡಿ ಮುಂದೆ, ಅಮ್ಮನ್ನ ಕಾಯ್ತಾ. ಎರಡು ಸಲವೂ ಎಂಜಿನ್ ಆರಿಸಿರಲಿಲ್ಲ."

ಮೇಸ್ತ್ರಿ ಎರಡೂ ಕೈಯನ್ನು ಮೇಜಿನ ಮೇಲೆ ಊರಿ ತಲೆ ತಗ್ಗಿಸಿದರು. "ಬಿಸಿಗೆ ಸಾಯ್ತಿದೆ," ಅಂದರು, ಯಾರಿಗೂ ಅಲ್ಲದ ಹಾಗೆ. "ಎಂಜಿನ್ನಿನ ವೇಗ ಹೇಳೋ ಒಂದು ಸೆನ್ಸರ್ ಇದೆ ಮೇಡಂ, ಹೆಬ್ಬೆರಳಷ್ಟು. ಓಡುವಾಗ ಗಾಳಿ ಬೀಳುತ್ತೆ, ಬದುಕಿರುತ್ತೆ. ನಿಂತಲ್ಲೇ ಕಾದು ಕಾದು ಸಾಯುತ್ತೆ. ನಾವು ಬಾನೆಟ್ ಎತ್ತದೆ ಯಾವ ಗಾಡೀನೂ ಕೇಳಲ್ಲ. ಎತ್ತಿದ ತಕ್ಷಣ ಅದು ತಣ್ಣಗಾಗುತ್ತೆ. ಎಷ್ಟು ಗಂಟೆ ಕೇಳಿದ್ರೂ ಸರಿಯಾಗೇ ಇರುತ್ತೆ."

ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮ, ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಕಳೆದುಹೋದ ಸ್ಪ್ಯಾನರ್ ಎಲ್ಲಿಟ್ಟೆ ಎಂದು ಕೇಳುವವರ ಹಾಗೆ ಕೇಳಿದರು. ಕಾಯುತ್ತ ಕೂತದ್ದು ಕಥೆಗೆ ಬೇಡದ ಭಾಗವೆಂದು ನಾನು ಮೊದಲ ದಿನವೇ ಕಿತ್ತು ಹಾಕಿದ್ದೆ. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಹೇಳಿದ್ದರೆ ಪಂಚರ್ ಅಂಗಡಿಯ ನೆಲದ ಮೇಲೆ ಅವರು ಎರಡು ಗೆರೆ ಎಳೆಯಬೇಕಾಗಿರಲಿಲ್ಲ.

ಮ್ಯಾನೇಜರು ಇದೆಲ್ಲ ಊಹೆ ಎಂದರು. ಅಧಿಕಾರಿ ಗಡಿಯಾರ ನೋಡಿದರು. "ಹಾಗಾದ್ರೆ ಊಹೆ ಬೇಡ. ನಾಳೆ ಬೆಳಿಗ್ಗೆ ಹತ್ತೂವರೆಗೆ ಕಾರು ಈ ಅಂಗಳಕ್ಕೆ ಬರ್ಲಿ. ಎಲ್ಲರೂ ಬನ್ನಿ. ನಿಲ್ಲದಿದ್ರೆ ದೂರು ವಜಾ, ಸುಳ್ಳಿಗೆ ದಂಡವೂ ಹಾಕ್ತೀನಿ."

ಏಪ್ರಿಲ್ 3, ಗುರುವಾರ

ಬೆಳಿಗ್ಗೆ ಎಲ್ಲರೂ ಬಂದರು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹೋಗಿದ್ದ ಮೇಷ್ಟ್ರೂ ಬಂದಿದ್ದರು. ಅತ್ತೆ ನನ್ನ ಹತ್ತಿರ ಮಾತು ಬಿಟ್ಟಿದ್ದರೂ ಮಗನ ಕೈಹಿಡಿದು ಬಂದರು. ಜವಾನ ಕುರ್ಚಿಗಳನ್ನು ಗೋಡೆಯ ನೆರಳಿಗೆ ಎಳೆದು ಹಾಕಿದ.

ನಮ್ಮವರು ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಎ.ಸಿ. ಹಾಕಿ, ಎಂಜಿನ್ ಓಡುತ್ತಿರುವಾಗಲೇ ಇಳಿದು ಬಂದರು. ಮೇಸ್ತ್ರಿ ಬಾನೆಟ್ಟನ್ನು ಒಂದು ಸಲ ಒತ್ತಿ, ಮುಚ್ಚಿದೆಯೇ ಎಂದು ನೋಡಿ, ಕುರ್ಚಿಗಳಿಂದ ದೂರ ಹೋಗಿ ನಿಂತರು. ಅಧಿಕಾರಿ ಸಮಯ ಬರೆದುಕೊಂಡರು. ಕಾರು ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು.

ಇಪ್ಪತ್ತು ನಿಮಿಷ. ಮೂವತ್ತು. ಮೂವತ್ನಾಲ್ಕು ದಾಟಿತು. ಮ್ಯಾನೇಜರು ಗಡಿಯಾರ ನೋಡಿ ಕಾಲ ಮೇಲೆ ಕಾಲು ಹಾಕಿಕೊಂಡರು.

"ಅಮ್ಮ, ಕಥೆಗಿಥೆ ಹೇಳಿ, ಹೊತ್ತು ಹೋಗುತ್ತೆ," ಅಂದ ಜವಾನ. ಮೇಷ್ಟ್ರು ಅವನನ್ನು ಸುಡುವ ಹಾಗೆ ನೋಡಿದರು. ಯಾವುದೂ ಗೊತ್ತಿಲ್ಲಪ್ಪ ಎಂದೆ.

ನಲವತ್ತು. ದಂಡ ಎಷ್ಟಿರಬಹುದೆಂದು ಯೋಚಿಸಿದೆ. ಆಮೇಲೆ ಅದನ್ನೂ ಬಿಟ್ಟೆ.

ನಲವತ್ತೇಳನೇ ನಿಮಿಷಕ್ಕೆ ಎಂಜಿನ್ ಒಂದು ಸಲ ಬಿಕ್ಕಳಿಸಿ ನಿಂತಿತು. ನಮ್ಮವರು ಹೋಗಿ ಕೀಲಿ ತಿರುಗಿಸಿದರು, ಹೊರಡಲಿಲ್ಲ. ಮೇಸ್ತ್ರಿ ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಒಳಗೆ ಎಲ್ಲೋ ಒಂದೇ ಜಾಗಕ್ಕೆ ಒತ್ತಿ ಹಿಡಿದರು. ಐದು ನಿಮಿಷದ ಮೇಲೆ ಕೈ ಎತ್ತಿದರು. ನಮ್ಮವರು ಕೀಲಿ ತಿರುಗಿಸಿದರು. ಹೊರಟಿತು.

ಮ್ಯಾನೇಜರು ಫೋನು ಹಿಡಿದು ಮೂಲೆಗೆ ಹೋಗಿ ಬಂದರು. ಗಾಡಿ ವಾಪಸ್ಸು ತಗೊಳ್ಳುತ್ತೇವೆ, ಸಾಲವನ್ನು ಬ್ಯಾಂಕಿನ ಜೊತೆ ನಾವೇ ಮುಗಿಸುತ್ತೇವೆ, ಕಟ್ಟಿದ ಕಂತು ಹಿಂದಕ್ಕೆ ಕೊಡುತ್ತೇವೆ ಎಂದು ಬರೆದುಕೊಟ್ಟರು. ಮೇಸ್ತ್ರಿಗೆ, "ಸೋಮವಾರದಿಂದ ಬಂದ್ಬಿಡು," ಅಂದರು. ಮೇಸ್ತ್ರಿ ಒದ್ದೆ ಬಟ್ಟೆಯನ್ನು ಹಿಂಡಿ ಮಡಿಚಿಟ್ಟರು.

ಅಧಿಕಾರಿ ಎಲ್ಲರಿಂದ ಹೇಳಿಕೆ ಬರೆಸಿಕೊಂಡರು. ಮೇಸ್ತ್ರಿ ನನಗಿಂತ ಮೊದಲು ಬರೆದರು. ‘ಎರಡು ಸಲವೂ ಬಾನೆಟ್ ಎತ್ತಿಕೊಂಡು ನೋಡಿದೆ. ಮುಚ್ಚಿ ನೋಡಲಿಲ್ಲ. ತಪ್ಪು ನನ್ನದು.’ ಅಷ್ಟೇ ಇತ್ತು. ಅದರ ಕೆಳಗೆ ನನ್ನದು. ಅರ್ಜಿಯಲ್ಲಿ ಮಾನಸಿಕ ಯಾತನೆಗೆ ಪರಿಹಾರ ಎಂದು ಮೇಷ್ಟ್ರು ಬರೆದಿದ್ದ ಸಾಲನ್ನು ಹೊಡೆದುಹಾಕಿದೆ.

"ನನ್ನ ಯಾತನೆ ಹೊಡೆದುಹಾಕೋಕೆ ನೀನ್ಯಾರೇ?" ಅತ್ತೆ ನಿನ್ನೆಯಿಂದ ನನ್ನ ಜೊತೆ ಆಡಿದ ಮೊದಲ ಮಾತು.

ಹಾಳೆ ತಿರುಗಿಸಿ ಕೊಡುವಾಗ, "ಮೇಸ್ತ್ರಿಗಳೇ," ಎಂದೆ. ಮುಂದೆ ಏನು ಹೇಳಬೇಕೆಂದು ಈ ಸಲ ಜೋಡಿಸಿಕೊಂಡಿರಲಿಲ್ಲ.

"ಇನ್ನೊಂದು ಸಹಿ ಇಲ್ಲೂ ಬೇಕಂತೆ ಅಮ್ಮ," ಎಂದು ಪೆನ್ನು ಕೊಟ್ಟರು. ಸಹಿ ಹಾಕಿ ತಲೆ ಎತ್ತುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದರು.

ನಮ್ಮವರು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು ಅವರ ಹಿಂದೆ ಹೋದರು. ಕರೆದು ನಿಲ್ಲಿಸಿದ್ದು ನಮ್ಮವರೇ. ಇಬ್ಬರ ಹಿಂದೆ ಒಂದಿಷ್ಟು ದೂರ ಹೋದೆ, ಆಮೇಲೆ ನಿಂತೆ. ನಮ್ಮವರು ಮಾತಾಡುತ್ತಿದ್ದರು, ಕೈ ಕೂಡ ಆಡಿಸುತ್ತಿದ್ದರು. ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿಲ್ಲ. ಮೇಸ್ತ್ರಿ ಕೇಳಿದರು. ಒಂದು ಸಲ ತಲೆಯಾಡಿಸಿದರು. ರಸ್ತೆಯವರೆಗೆ ಹೋಗಿ, ಅಲ್ಲಿಂದ ಒಬ್ಬರು ಆ ಕಡೆ, ಒಬ್ಬರು ಈ ಕಡೆ ತಿರುಗಿದರು.

ನಾವು ಬಸ್ಸಿನಲ್ಲಿ ಬಂದೆವು. ಅತ್ತೆಯನ್ನು ಇಬ್ಬರೂ ಎತ್ತಿ ಹತ್ತಿಸಿದೆವು. ದಾರಿಯಲ್ಲಿ ನಾನು ನಮ್ಮವರನ್ನು ಕೇಳಲಿಲ್ಲ.

ಅವರಿಬ್ಬರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ.